ಅಂಗೈಯ ಅಂಟು

ಹುಣಸೂರು ತಾಲ್ಲೂಕಿನ ಹಳ್ಳಿಗಳಲ್ಲಿ ನಿಕೋಟಿನ್ ಚಟದ ಸಮೀಕ್ಷೆಗೆ ಹೊರಟ ನಾನು ಮೊದಲ ಎರಡು ವಾರದ ನಮೂನೆಗಳನ್ನೆಲ್ಲ ಕಸಕ್ಕೆ ಹಾಕಬೇಕಾಯಿತು. "ತಂಬಾಕು ಸೇವಿಸುತ್ತೀರಾ?" ಎಂದರೆ ಹೆಂಗಸರು ಕೆನ್ನೆ ಉಬ್ಬಿಸಿಕೊಂಡೇ "ಇಲ್ಲ" ಎನ್ನುತ್ತಿದ್ದರು. ಸುಳ್ಳು ಹೇಳುತ್ತಿದ್ದರೆಂದಲ್ಲ. ಅವರ ಮಟ್ಟಿಗೆ ತಂಬಾಕು ಸೇವನೆ ಎಂದರೆ ಗಂಡಸರ ಬೀಡಿ, ಸಿಗರೇಟು. ತಾವು ಹಾಕುವುದು ಎಲೆ ಅಡಿಕೆ. ಜೊತೆಗಿನ ಚೂರು ಹೊಗೆಸೊಪ್ಪು ಲೆಕ್ಕಕ್ಕಿಲ್ಲ. ದೇಶದ ವಯಸ್ಕರಲ್ಲಿ ಸೇದುವವರು ಶೇ 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 21.4 ಎಂಬ 2016–17ರ ಸಮೀಕ್ಷೆಯನ್ನು ಓದಿಕೊಂಡೇ ಹೋಗಿದ್ದೆ. ಆದರೂ ಕೇಳಿದ್ದು ಮಾತ್ರ ಸೇದುವವರ ಪ್ರಶ್ನೆ.

ಆಮೇಲೆ ಅದನ್ನು ಕೈಬಿಟ್ಟು, "ಚಂಚಿ ಬಿಚ್ಚಿ ತೋರಿಸುತ್ತೀರಾ?" ಎನ್ನತೊಡಗಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಕಡ್ಡಿಪುಡಿ ಎಲ್ಲ ಹೊರಬಂದವು. "ಸುಣ್ಣ ಕಡಿಮೆಯಾದರೆ ಸೊಪ್ಪು ಹಿಡಿಯುವುದಿಲ್ಲ" ಎಂದರು ಒಬ್ಬ ಅಜ್ಜಿ. ಸುಣ್ಣದ ಕ್ಷಾರ ಗುಣದಿಂದ ನಿಕೋಟಿನ್ ಬಾಯಿಯ ಒಳಪೊರೆಯನ್ನು ಬೇಗ ದಾಟಿ ರಕ್ತ ಸೇರುತ್ತದೆ ಎಂದು ನಾನು ಪಾಠದಲ್ಲಿ ಕಲಿತಿದ್ದೆ, ಅವರು ನಾಲಿಗೆಯಲ್ಲಿ.

ಚಟದ ಬಿಗಿಯನ್ನು ಅಳೆಯಲು ಫ್ಯಾಗರ್‌ಸ್ಟ್ರಾಮ್ ಪ್ರಶ್ನಾವಳಿ ಇದೆ. ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಲ ಬೇಕಾಗುತ್ತದೆ? ಐದು ನಿಮಿಷದೊಳಗಾದರೆ ಮೂರು ಅಂಕ. ಗಡಿಯಾರ ನೋಡಿ ಏಳದವರ ಮುಂದೆ ನಿಮಿಷದ ಲೆಕ್ಕ ನಡೆಯಲಿಲ್ಲ. "ಹಲ್ಲುಜ್ಜುವ ಮೊದಲೋ, ಆಮೇಲೋ?" ಎಂದು ಬದಲಿಸಿದೆ. "ಹಲ್ಲುಜ್ಜುವುದೇ ನಶ್ಯದಲ್ಲಿ" ಎಂದು ಒಬ್ಬಾಕೆ ನಕ್ಕಾಗ ನನ್ನ ಜಾಣತನವೂ ಮುಗಿಯಿತು.

ಬಾಯಿಮಾತನ್ನು ತಾಳೆ ನೋಡಲು ಜೊಲ್ಲಿನ ಮಾದರಿಯನ್ನೂ ಸಂಗ್ರಹಿಸಿದೆವು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೇ ಅರ್ಧಕ್ಕೆ ಇಳಿಯುತ್ತದೆ. ದೇಹ ಅದನ್ನು ಒಡೆದಾಗ ಹುಟ್ಟುವ ಕೊಟಿನಿನ್ ಅಷ್ಟು ಬೇಗ ಜಾಗ ಖಾಲಿ ಮಾಡುವುದಿಲ್ಲ, ಹಾಗಾಗಿ ನಾವು ಹುಡುಕುವುದು ಅದನ್ನೇ. ವರದಿ ಬಂದಾಗ, "ನಾನು ಎಲೆಯನ್ನೂ ಮುಟ್ಟುವುದಿಲ್ಲ" ಎಂದಿದ್ದ ಸೊಸೆಯೊಬ್ಬಳ ಜೊಲ್ಲಿನಲ್ಲೂ ಕೊಟಿನಿನ್ ಇತ್ತು. ಸಿಕ್ಕಿಬಿದ್ದಳೆಂದುಕೊಂಡೇ ಮತ್ತೆ ಆ ಮನೆಗೆ ಹೋದೆ. (ಈ ಕೆಲಸದಲ್ಲಿ ಪೊಲೀಸರ ಬುದ್ಧಿ ಬಹಳ ಬೇಗ ಅಂಟುತ್ತದೆ.) ಚಂಚಿ ಕೇಳಿದರೆ ಅವಳು ಎರಡೂ ಅಂಗೈ ಚಾಚಿದಳು. ಹಸಿ ಹೊಗೆಸೊಪ್ಪಿನ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು.

ಅದು ಸೊಪ್ಪು ಮುರಿಯುವ ಕಾಲ. ಒದ್ದೆ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. "ಇಬ್ಬನಿಯಲ್ಲಿ ಮುರಿದ ದಿನ ನನಗೆ ತಲೆ ಸುತ್ತಿ ವಾಂತಿಯಾಗುತ್ತದೆ, ಅತ್ತೆಗೆ ಏನೂ ಆಗುವುದಿಲ್ಲ" ಎಂದಳು. ಅತ್ತೆ ಜಗುಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದರು. ವರ್ಷಗಟ್ಟಲೆ ಅಗಿದ ಅವರ ಮೈ ನಿಕೋಟಿನ್‌ಗೆ ಒಗ್ಗಿಹೋಗಿತ್ತು.

ನಮೂನೆಯಲ್ಲಿ "ಈ ವಾರ ಸೊಪ್ಪು ಮುರಿದಿದ್ದೀರಾ?" ಎಂಬ ಪ್ರಶ್ನೆಯನ್ನು ಕೈಬರಹದಲ್ಲೇ ಸೇರಿಸಿದೆ. ಜೊಲ್ಲಿನ ಮಾದರಿಗಳನ್ನು, ಮುರಿದ ಸೊಪ್ಪನ್ನು ಕಾವಿನಲ್ಲಿ ಹದ ಮಾಡುವ ಬ್ಯಾರನ್‌ಗಳ ಬೆಂಕಿ ಆರಿದ ಮೇಲೆ ಇನ್ನೊಮ್ಮೆ ತೆಗೆದುಕೊಂಡೆವು.