ನಕಲಿ ನೋಂದಣಿಗೆ ತಡೆ: ಕ್ಯಾಪ್ಚಾ ಕೊನೆಗಿರಲಿ

ನೋಂದಣಿ ಫಾರ್ಮ್‌ಗೆ ಬಾಟ್‌ಗಳ (ತಾವೇ ಫಾರ್ಮ್ ತುಂಬುವ ಪ್ರೋಗ್ರಾಂಗಳ) ಕಾಟ ಶುರುವಾದರೆ ಹೆಚ್ಚಿನವರು ಮೊದಲು ಹಾಕುವುದು ಕ್ಯಾಪ್ಚಾ, ಅಂದರೆ ಬಂದವರು ಮನುಷ್ಯರೇ ಎಂದು ನೋಡುವ ಪರೀಕ್ಷೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ನೋಡುವುದು, ಈ ಖಾತೆಗಳಿಂದ ಬಾಟ್ ಓಡಿಸುವವರಿಗೆ ಏನು ಲಾಭ ಎಂಬುದನ್ನು. ಬಹಳ ಸಲ ಉತ್ತರ ಪ್ರೊಫೈಲ್ ಪುಟದಲ್ಲೇ ಸಿಗುತ್ತದೆ: 'ವೆಬ್‌ಸೈಟ್' ಎಂಬ ಖಾನೆಯಲ್ಲಿ ಒಂದು ಲಿಂಕ್. ಹೊಸ ಖಾತೆಗೆ ಆ ಖಾನೆಯನ್ನೇ ಕೊಡಬೇಡಿ, ಪ್ರೊಫೈಲ್ ಪುಟಕ್ಕೆ ನೋಇಂಡೆಕ್ಸ್ (ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಎಂದು ಸರ್ಚ್ ಎಂಜಿನ್‌ಗೆ ಸೂಚನೆ) ಹಾಕಿ. ಲಿಂಕ್‌ಗೆ ನೋಫಾಲೋ (ಈ ಲಿಂಕಿಗೆ ಮಾನ್ಯತೆ ಕೊಡಬೇಡಿ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಗುರುತು) ಇದ್ದರೆ ಸಾಲದೇ ಎಂದರೆ, ಸಾಲದು. 2005ರಿಂದ ಇರುವ ಆ ಗುರುತನ್ನು ಬಾಟ್ ಓಡಿಸುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಮೇಲೆ ಹನಿಪಾಟ್, ಅಂದರೆ ಮನುಷ್ಯರ ಕಣ್ಣಿಗೆ ಬೀಳದ, ಬಾಟ್ ಮಾತ್ರ ತುಂಬುವ ಖಾನೆ. ಅದನ್ನು ಪುಟದ ವಿನ್ಯಾಸದ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ-ನನ್ (display: none) ಎಂದು ಅಡಗಿಸಿದರೆ ಸ್ವಲ್ಪ ಚುರುಕಾದ ಬಾಟ್ ಗುರುತಿಸಿ ಬಿಟ್ಟುಬಿಡುತ್ತದೆ; ಅದರಲ್ಲೇ ಪರದೆಯ ಆಚೆಗೆ ತಳ್ಳುವುದು ಮೇಲು. ಟ್ಯಾಬ್ ಕೀಲಿ ಅಲ್ಲಿಗೆ ಹೋಗದಂತೆ ಟ್ಯಾಬ್‌ಇಂಡೆಕ್ಸ್ -1, ಓದುವ ತಂತ್ರಾಂಶ ಅದನ್ನು ಬಿಡುವಂತೆ ಏರಿಯಾ-ಹಿಡನ್ (aria-hidden) ಎರಡೂ ಇರಲೇಬೇಕು, ಇಲ್ಲದಿದ್ದರೆ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಖಾನೆಗೆ 'ಫೋನ್', 'ಕಂಪನಿ' ಎಂಬಂಥ ಹೆಸರಿಟ್ಟರೆ ಬ್ರೌಸರಿನ ಆಟೋಫಿಲ್ ತಾನೇ ತುಂಬಿಬಿಡಬಹುದು. ಆಟೋಕಂಪ್ಲೀಟ್ ಆಫ್ ಎಂದು ಬರೆದಿದ್ದರೂ ಕೆಲವೊಮ್ಮೆ ಕೇಳುವುದಿಲ್ಲ. ಆಗ ನಿಜವಾದ ಬಳಕೆದಾರರು ಹೊರಗುಳಿಯುತ್ತಾರೆ. ಕಾರಣ ಅವರಿಗೂ ಗೊತ್ತಾಗುವುದಿಲ್ಲ, ನಿಮಗೂ.

ಇದರ ಜೊತೆಗೆ, ಸರ್ವರ್ ಫಾರ್ಮನ್ನು ಬಳಕೆದಾರರಿಗೆ ಕಳಿಸಿದ ಸಮಯವನ್ನು ಬರೆದು, ಯಾರೂ ತಿದ್ದದಂತೆ ಅದಕ್ಕೆ ಸರ್ವರ್‌ನ ಗುಟ್ಟಿನ ಕೀಲಿಯಿಂದ ಸಹಿ ಹಾಕಿ, ಫಾರ್ಮ್‌ನಲ್ಲೇ ಇಡಿ. 3 ಸೆಕೆಂಡ್ ಆಗುವ ಮೊದಲೇ ವಾಪಸ್ ಬಂದರೆ ತಿರಸ್ಕರಿಸಿ. ಈ ಮಿತಿಯನ್ನು ಏರಿಸುವ ಆಸೆ ಬೇಡ, ಪಾಸ್‌ವರ್ಡ್ ಮ್ಯಾನೇಜರ್ ಇರುವವರ ಕೈ ಬಲು ಬೇಗ. ನೋಂದಣಿ ಪುಟ ಕ್ಯಾಶ್ ಆಗುತ್ತಿದ್ದರೆ (ಉಳಿಸಿಟ್ಟ ಒಂದೇ ಪ್ರತಿ ಎಲ್ಲರಿಗೂ ಹೋಗುತ್ತಿದ್ದರೆ) ಎಲ್ಲರಿಗೂ ಒಂದೇ ಹಳೆಯ ಹೊತ್ತು ಹೋಗಿ ಈ ತಪಾಸಣೆಯೇ ವ್ಯರ್ಥ.

ಇಮೇಲ್ ದೃಢೀಕರಣ ಎಲ್ಲರೂ ಇಟ್ಟಿರುತ್ತಾರೆ, ಆದರೆ ಅದನ್ನೇ ಸ್ಪ್ಯಾಮ್ ಹಂಚುವ ದಾರಿಯಾಗಿಯೂ ಬಳಸುತ್ತಾರೆ ಎನ್ನುವುದು ಹಲವರ ಗಮನಕ್ಕೆ ಬರುವುದಿಲ್ಲ. 'ಹೆಸರು' ಖಾನೆಯಲ್ಲಿ ಜಾಹೀರಾತಿನ ಸಾಲು, ಒಂದು ಲಿಂಕ್. 'ಇಮೇಲ್' ಖಾನೆಯಲ್ಲಿ ಯಾರದೋ ವಿಳಾಸ. ನಿಮ್ಮ ಸರ್ವರ್ 'ನಮಸ್ಕಾರ' ಎಂದು ಶುರುಮಾಡಿ ಆ ಜಾಹೀರಾತನ್ನು ನಿಮ್ಮದೇ ಡೊಮೇನ್‌ನಿಂದ ಅವರಿಗೆ ಕಳಿಸುತ್ತದೆ. ಪಡೆದವರು ಸ್ಪ್ಯಾಮ್ ಎಂದು ಒತ್ತುತ್ತಾ ಹೋದರೆ ನಿಮ್ಮ ನಿಜವಾದ ಮೇಲ್‌ಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ. ಹಾಗಾಗಿ ಹೆಸರು 50 ಅಕ್ಷರ ದಾಟದಿರಲಿ, ಅದರಲ್ಲಿ ಎಚ್‌ಟಿಟಿಪಿ, ಸ್ಲ್ಯಾಶ್ ಬಂದರೆ ಒಪ್ಪಬೇಡಿ, ದೃಢೀಕರಣದ ಮೇಲ್‌ನಲ್ಲಿ ಹೆಸರನ್ನೇ ಹಾಕಬೇಡಿ. ಒಂದೇ ವಿಳಾಸಕ್ಕೆ ಗಂಟೆಗೆ ಒಂದಕ್ಕಿಂತ ಹೆಚ್ಚು ಮೇಲ್ ಹೋಗದಿರಲಿ. ಜಿಮೇಲ್‌ನಲ್ಲಿ ವಿಳಾಸದ ನಡುವಿನ ಚುಕ್ಕಿ, ಪ್ಲಸ್ ನಂತರದ ಭಾಗ ಲೆಕ್ಕಕ್ಕಿಲ್ಲ. ಹೋಲಿಸುವಾಗ ಅವನ್ನು ತೆಗೆದು ನೋಡಿ, ಮೇಲ್ ಕಳಿಸುವುದು ಮಾತ್ರ ಅವರು ಕೊಟ್ಟ ವಿಳಾಸಕ್ಕೇ.

ದೃಢೀಕರಣದ ಲಿಂಕ್ ತೆರೆದ ಕೂಡಲೇ ಖಾತೆ ಸಕ್ರಿಯವಾಗುವುದೂ ಸರಿಯಲ್ಲ. ಕೆಲವು ಕಚೇರಿಗಳ ಮೇಲ್ ಭದ್ರತಾ ವ್ಯವಸ್ಥೆ ಬಂದ ಲಿಂಕನ್ನೆಲ್ಲ ತಾನೇ ತೆರೆದು ಪರೀಕ್ಷಿಸುತ್ತದೆ, ಯಾರೂ ಒತ್ತದೆಯೇ ದೃಢೀಕರಣ ಆಗಿಬಿಡುತ್ತದೆ. ಲಿಂಕ್ ಒಂದು ಪುಟಕ್ಕೆ ಹೋಗಲಿ, ಅಲ್ಲಿನ ಬಟನ್ ಒತ್ತಿದಾಗ ಪೋಸ್ಟ್ ವಿನಂತಿಯಿಂದ (ಫಾರ್ಮ್ ಸಲ್ಲಿಸಿದಾಗ ಸರ್ವರ್‌ಗೆ ಹೋಗುವ ಬಗೆಯದು) ಕೆಲಸ ಮುಗಿಯಲಿ. ಲಿಂಕ್‌ನ ಆಯಸ್ಸು 24 ಗಂಟೆ. ದೃಢೀಕರಿಸದ ಖಾತೆಗಳನ್ನು 7 ದಿನಕ್ಕೆ ಅಳಿಸುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಇರಲಿ.

ಐಪಿ ಮಿತಿಯಲ್ಲಿ, ಅಂದರೆ ಒಂದು ಇಂಟರ್ನೆಟ್ ವಿಳಾಸದಿಂದ ಇಷ್ಟೇ ನೋಂದಣಿ ಎಂಬ ಮಿತಿಯಲ್ಲಿ, ಎಡವುವವರೇ ಜಾಸ್ತಿ. ನಿಮ್ಮ ಸರ್ವರ್‌ನ ಮುಂದೆ ಸಿಡಿಎನ್ ಅಥವಾ ಪ್ರಾಕ್ಸಿ (ಬಂದ ವಿನಂತಿಗಳನ್ನು ನಿಮಗೆ ದಾಟಿಸುವ ನಡುವಿನ ಸರ್ವರ್) ಇದ್ದು ನಿಜವಾದ ಐಪಿಯನ್ನು ಓದುವ ವ್ಯವಸ್ಥೆ ಮಾಡಿರದಿದ್ದರೆ, ಬಂದವರೆಲ್ಲ ಪ್ರಾಕ್ಸಿಯ ವಿಳಾಸದಲ್ಲೇ ಕಾಣುತ್ತಾರೆ, ಮಿತಿ ಎಲ್ಲರನ್ನೂ ಒಟ್ಟಿಗೆ ತಡೆಯುತ್ತದೆ. ಹಾಗೆಂದು, ಬಂದವರ ನಿಜವಾದ ಐಪಿಯನ್ನು ಪ್ರಾಕ್ಸಿ ಬರೆದು ಕಳಿಸುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು ಯಾರಿಂದ ಬಂದರೂ ನಂಬಿದರೆ, ಬಾಟ್ ಪ್ರತಿ ಸಲ ಹೊಸ ಸುಳ್ಳು ಐಪಿ ಬರೆದು ಕಳಿಸುತ್ತದೆ. ನಿಮ್ಮ ಪ್ರಾಕ್ಸಿಯಿಂದ ಬಂದಾಗ ಮಾತ್ರ ನಂಬಿ. ಐಪಿ ವಿಳಾಸಗಳ ಹೊಸ ಬಗೆಯಾದ ಐಪಿವಿ6ನಲ್ಲಿ ಒಬ್ಬರ ಕೈಯಲ್ಲೇ ಅಸಂಖ್ಯ ವಿಳಾಸ ಇರುವುದರಿಂದ ಒಂದೊಂದೇ ಎಣಿಸಿ ಪ್ರಯೋಜನವಿಲ್ಲ, /64 ಗುಂಪನ್ನೇ (ಮೊದಲ 64 ಬಿಟ್ ಒಂದೇ ಆಗಿರುವ ವಿಳಾಸಗಳನ್ನು) ಒಂದೆಂದು ಎಣಿಸಿ. ಹಳೆಯ ಬಗೆಯ ಐಪಿವಿ4ನಲ್ಲಿ ತೊಂದರೆ ಉಲ್ಟಾ: ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸದ ಹಿಂದೆ ಬಹಳ ಜನ ಇರುತ್ತಾರೆ. ನಾನು ಒಂದು ವಿಳಾಸಕ್ಕೆ ಗಂಟೆಗೆ 5 ನೋಂದಣಿಯಿಂದ ಶುರುಮಾಡುತ್ತೇನೆ. ಮೀರಿದವರನ್ನು ತಡೆಯುವುದಿಲ್ಲ, ಕ್ಯಾಪ್ಚಾ ತೋರಿಸುತ್ತೇನೆ.

ಕ್ಯಾಪ್ಚಾದ ಕೆಲಸ ಬ್ರೌಸರಿನಲ್ಲಿ ಮುಗಿಯುವುದಿಲ್ಲ. ಪರೀಕ್ಷೆ ಮುಗಿದಾಗ ಬರುವ ಟೋಕನ್ನನ್ನು (ಗುರುತಿನ ಸಂಕೇತ) ನಿಮ್ಮ ಸರ್ವರ್ ಕ್ಯಾಪ್ಚಾ ಕೊಡುವ ಕಂಪನಿಯ ಸರ್ವರ್‌ಗೆ ಕಳಿಸಿ ಖಾತ್ರಿ ಮಾಡಿಕೊಳ್ಳದಿದ್ದರೆ ಅದು ಬರೀ ಅಲಂಕಾರ. ಗೂಗಲ್‌ನ ರಿಕ್ಯಾಪ್ಚಾ ಟೋಕನ್ 2 ನಿಮಿಷ, ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್ ಟೋಕನ್ 5 ನಿಮಿಷ ಬಾಳುತ್ತದೆ, ಎರಡನ್ನೂ ಒಮ್ಮೆ ಮಾತ್ರ ಬಳಸಬಹುದು. ಪುಟ ತೆರೆದಾಗಲೇ ಟೋಕನ್ ತೆಗೆದುಕೊಂಡರೆ ನಿಧಾನವಾಗಿ ತುಂಬುವವರಿಗೆ ದೋಷ ಬರುತ್ತದೆ. ಕಾಸಿಗಾಗಿ ಕ್ಯಾಪ್ಚಾ ಬಿಡಿಸಿಕೊಡುವ ಮನುಷ್ಯರೂ ಇದ್ದಾರೆ ಎಂಬುದನ್ನೂ ಮರೆಯಬೇಡಿ.

ಯಾವ ನಿಯಮವನ್ನೂ ಮೊದಲ ದಿನವೇ ಜಾರಿಗೆ ತರುವುದು ಬೇಡ. ಒಂದು ವಾರ ಯಾರನ್ನೂ ತಡೆಯದೆ, ಯಾವ ನಿಯಮಕ್ಕೆ ಯಾರು ಸಿಕ್ಕರು ಎಂದು ಲಾಗ್‌ನಲ್ಲಿ ಬರೆಯುತ್ತಿರಿ. ದೃಢೀಕರಿಸಿ ನಿಜಕ್ಕೂ ಬಳಸುತ್ತಿರುವವರು ಆ ಪಟ್ಟಿಯಲ್ಲಿ ಕಂಡರೆ ಆ ನಿಯಮ ಸಡಿಲಾಗಬೇಕು. ಇಷ್ಟೆಲ್ಲ ಮಾಡಿಯೂ ನಕಲಿ ಖಾತೆಗಳು ಅದೇ ವೇಗದಲ್ಲಿ ಬರುತ್ತಿದ್ದರೆ ಮೊಬೈಲ್ ಆ್ಯಪ್‌ಗೆಂದು ಇಟ್ಟಿರುವ ಎಪಿಐ ವಿಳಾಸವನ್ನು (ಆ್ಯಪ್ ನಿಮ್ಮ ಸರ್ವರ್ ಜೊತೆ ನೇರವಾಗಿ ಮಾತಾಡುವ ದಾರಿ) ನೋಡಿ. ಫಾರ್ಮ್‌ಗೆ ಹಾಕಿದ ತಪಾಸಣೆಗಳು ಬಹಳ ಸಲ ಅಲ್ಲಿ ಇರುವುದೇ ಇಲ್ಲ.