ಯಾದಗಿರಿಯಲ್ಲಿ ಕಚೇರಿ, ಕಲಬುರಗಿಯಲ್ಲಿ ಪಿಎಚ್‌ಡಿ: ನಾನು ಹಾಕಿಕೊಂಡ ಲೆಕ್ಕ

ಕೆಲಸದಲ್ಲಿದ್ದುಕೊಂಡೇ ಮಾಡುವ ಅರೆಕಾಲಿಕ ಪಿಎಚ್‌ಡಿಯಲ್ಲಿ ಮೊದಲು ಎಡವುವುದು ಎನ್‌ಒಸಿಯಲ್ಲಿ, ಅಂದರೆ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರದಲ್ಲಿ. ನಮ್ಮ ಕಚೇರಿಗಳಲ್ಲಿ ‘ಅಭ್ಯಂತರವಿರುವುದಿಲ್ಲ’ ಅಂತ ಒಂದೇ ಸಾಲು ಬರೆದು ಸೀಲು ಒತ್ತಿ ಕೊಡುವುದು ರೂಢಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಕ್ಕೆ ಅದು ಸಾಲದು. ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕಚೇರಿ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್ (ಪ್ರಬಂಧಕ್ಕೆ ಮೊದಲಿನ ತರಗತಿ, ಪರೀಕ್ಷೆ) ಮುಗಿಸಲು ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ, ಈ ಮೂರೂ ಮಾತು ಪತ್ರದಲ್ಲಿರಬೇಕು. ಮೂರನೆಯದಕ್ಕೆ ಸಹಿ ಹಾಕಲು ಸಾಹೇಬರು ಹಿಂದೆ ಮುಂದೆ ನೋಡುತ್ತಾರೆ. ಕರಡನ್ನು ನಾನೇ ಟೈಪ್ ಮಾಡಿಕೊಂಡು ಹೋಗಿ, ಪ್ರವೇಶಕ್ಕೆ ಮೊದಲೇ ಮಾಡಿಸಿಕೊಂಡೆ. ಪ್ರವೇಶ ಆದಮೇಲೆ ‘ಮುಂದ ನೋಡಮ್ರಿ’ ಅನ್ನೋ ಉತ್ತರವೇ ಗಟ್ಟಿ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ 55 ಶೇಕಡಾ ಅಂಕ ಬರಲೇಬೇಕು. ಗಳಿಕೆ ರಜೆ ಜನವರಿ ಒಂದಕ್ಕೆ 15 ದಿನ, ಜುಲೈ ಒಂದಕ್ಕೆ 15 ದಿನ ಜಮೆಯಾಗುತ್ತದೆ. ನಾನು ಅದನ್ನು ತರಗತಿಗೆ ಸುಡಲಿಲ್ಲ, ಬರವಣಿಗೆಯ ಕೊನೆಯ ಹಂತಕ್ಕೆ ಉಳಿಸಿದೆ. ತರಗತಿಗೆ ಇರಲೆಂದೇ ಆ ಬಿಡುಗಡೆಯ ಸಾಲು ಬರೆಸಿದ್ದು. ಒಟ್ಟು ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಮತ್ತೆರಡು ಸಿಗಬಹುದು. ಆದರೆ ಕೆಲಸದವರು ಆರಕ್ಕೇ ಲೆಕ್ಕ ಕಟ್ಟಬೇಕು. ವರ್ಗಾವಣೆ, ಚುನಾವಣೆ ಡ್ಯೂಟಿ ಎಲ್ಲ ಸೇರಿ ಒಂದು ವರ್ಷ ತಾನಾಗಿ ನುಂಗಿ ಹಾಕುತ್ತವೆ.

ಇನ್ನು ದಿನದ ಲೆಕ್ಕ. 250 ಪುಟದ ಪ್ರಬಂಧ, ಪುಟಕ್ಕೆ ಸುಮಾರು 250 ಪದ ಅಂದರೆ 62,500 ಪದ. ಮುಂಜಾನೆ 5ರಿಂದ 6:30ರವರೆಗೆ ಕೂತರೆ ನನಗೆ 300 ಪದ ಏಳುತ್ತದೆ. ಹೆಚ್ಚುಕಡಿಮೆ 210 ಮುಂಜಾನೆ ಕೂರಬೇಕು. ಕೇಳೋಕೆ ಒಂದು ವರ್ಷದ ಕೆಲಸವೂ ಅಲ್ಲ. ಆದರೆ ನಡುವೆ ಹತ್ತು ದಿನ ಬಿಟ್ಟರೆ, ಬಿಟ್ಟ ಎಳೆ ಹಿಡಿಯೋಕೆ ಒಂದಿಡೀ ಭಾನುವಾರ ಬೇಕು. ಬರೆಯುವುದು ಆ ದಿನ ಸೊನ್ನೆ. ಅದಕ್ಕೆ ಪ್ರತಿ ಸಲ ಏಳುವ ಮುಂಚೆ ಐದು ನಿಮಿಷ ಬಿಟ್ಟು, ಕಡತದ ತುದಿಯಲ್ಲಿ ಕೆಂಪಕ್ಷರದಲ್ಲಿ ಮೂರು ಸಾಲು ಬರೆಯುತ್ತೇನೆ: ಎಲ್ಲಿ ನಿಂತೆ, ಮುಂದಿನ ವಾಕ್ಯ ಏನು, ಯಾವ ಪುಸ್ತಕದ ಯಾವ ಪುಟ ತೆರೆಯಬೇಕು. ‘ಎರಡನೇ ಅಧ್ಯಾಯ ಮುಂದುವರಿಸು’ ಅಂತ ಬರೆದರೆ ಪ್ರಯೋಜನವಿಲ್ಲ. ‘ಶಾಸನದ ನಾಲ್ಕನೇ ಸಾಲಿನ ದಾನದ ಅಳತೆಯನ್ನು ಹಿಂದಿನ ಪುಟದ ಕೋಷ್ಟಕಕ್ಕೆ ಹಾಕು’ ಅಂತ ಇದ್ದರೆ ನಿದ್ದೆಗಣ್ಣಲ್ಲೂ ಕೆಲಸ ಶುರುವಾಗುತ್ತದೆ.

ರೈಲಿನಲ್ಲಿ ಬರೆಯಲು ಹೋಗಬೇಡಿ. ಯಾದಗಿರಿಯಿಂದ ಕಲಬುರಗಿ ತನಕ ಒಂದು ಗಂಟೆ ಮೇಲಾಗುತ್ತದೆ, ನಡುವಿನ ವಾಡಿ ಜಂಕ್ಷನ್‌ನಲ್ಲಿ ಜನ ಇಳಿದು ಹತ್ತುವ ಗದ್ದಲ ಬೇರೆ. ಆ ಹೊತ್ತಿಗೆ ಪೋಸ್ಟ್‌ಕಾರ್ಡ್ ಅಳತೆಯ ಚೀಟಿಗಳೇ ಸರಿ: ಒಂದು ಚೀಟಿಗೆ ಒಂದೇ ವಿಷಯ, ಮೇಲೆ ಪುಸ್ತಕದ ಹೆಸರು ಮತ್ತು ಪುಟ ಸಂಖ್ಯೆ. ಪುಟ ಸಂಖ್ಯೆ ಬರೆಯದ ಚೀಟಿ ಎರಡು ವರ್ಷ ಬಿಟ್ಟು ಅಡಿಟಿಪ್ಪಣಿ ಹಾಕುವಾಗ ಕಾಡುತ್ತದೆ.

ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ, ಬೆಂಗಳೂರಿನವರಿಗೆ ಇಲ್ಲದ್ದು. ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಎರಡು ತಿಂಗಳ ಮಧ್ಯಾಹ್ನ ಕೈಗೆ ಬಂದಂತೆ. ಆದರೆ 42 ಡಿಗ್ರಿಯಲ್ಲಿ ಊಟ ಮಾಡಿ ಕೂತರೆ ತಲೆ ಓಡುವುದಿಲ್ಲ, ಕರೆಂಟ್ ಹೋದರಂತೂ ಮುಗಿಯಿತು. ಹೊಸದಾಗಿ ಬರೆಯುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳದೆ ಗ್ರಂಥಸೂಚಿ, ಕೋಷ್ಟಕ, ಕರಡು ತಿದ್ದುವಿಕೆ ಇಟ್ಟುಕೊಂಡೆ. ಮಾರ್ಚ್ ಮಾತ್ರ ಖಾಲಿ ಬಿಡಿ. ಬಿಲ್ಲು, ಖಜಾನೆ ಅಂತ ರಾತ್ರಿ ಎಂಟಾಗುವ ತಿಂಗಳದು. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಒಪ್ಪಿಸಬೇಕಲ್ಲ, ಆ ದಿನಾಂಕ ಮಾರ್ಚಿಗೆ ಬರದಂತೆ ಗೈಡ್ ಹತ್ತಿರ ಡಿಸೆಂಬರಿನಲ್ಲೇ ಕೇಳಿಕೊಳ್ಳಬೇಕು.

ಕನ್ನಡದಲ್ಲಿ ಪ್ರಬಂಧ ಬರೆಯುವ ಕಚೇರಿಯವರಿಗೆ ದೊಡ್ಡ ಗುಂಡಿ ಅಂದರೆ ಸರ್ಕಾರಿ ಕಚೇರಿಗಳಲ್ಲಿ ಬಳಸುವ ನುಡಿ ತಂತ್ರಾಂಶದ ಫಾಂಟ್. ಟಿಪ್ಪಣಿ ಬರೆದು ಬೆರಳಿಗೆ ಹಳೆಯ ಆಸ್ಕಿ ನುಡಿಯೇ ರೂಢಿ, ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸುವ ಫಾಂಟ್ ಅದು. ಆ ಕಡತ ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೆ ಕನ್ನಡವಾಗಿ ಕಾಣುವುದೇ ಇಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕೊನೆಗೆ ಪರಿವರ್ತಕದಲ್ಲಿ ಯೂನಿಕೋಡಿಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿಗೆ) ಹಾಕಿದರಾಯಿತು ಅಂದುಕೊಂಡರೆ ಎರಡು ಕಡೆ ಕೆಡುತ್ತದೆ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಹೀಗಾಗಿ ಧರ್ಮ, ವರ್ಷ, ಕಾರ್ಯದಂಥ ಪದಗಳು ಅಲ್ಲಲ್ಲಿ ಮುರಿಯುತ್ತವೆ. ಗ್ರಂಥಸೂಚಿಯ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ನುಡಿ ಸಂಕೇತ ಎಂದೇ ತಿಳಿದು ಕನ್ನಡದ ಕಲಸುಮೇಲೋಗರ ಮಾಡುತ್ತದೆ. ಮೊದಲ ದಿನದಿಂದಲೇ ಯೂನಿಕೋಡ್ ಹಿಡಿಯಿರಿ, ನುಡಿಯ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಅದೇ ಇರುತ್ತದೆ, ಬೆರಳು ಹೊಸದು ಕಲಿಯಬೇಕಿಲ್ಲ. ಹಳೆಯ ಕಡತಗಳಿದ್ದರೆ ಇಂಗ್ಲಿಷ್ ಭಾಗ ಬೇರೆ ಕಡತಕ್ಕೆ ತೆಗೆದಿಟ್ಟು, ಅಧ್ಯಾಯಕ್ಕೊಂದರಂತೆ ಪರಿವರ್ತಿಸಿ, ಅರ್ಕಾವತ್ತಿನ ಪದಗಳನ್ನು ಹುಡುಕಿ ನೋಡಿ.

ಆ ತಪಾಸಣೆಯಲ್ಲಿ ಬೇರೆಯವರ ಬರಹದ ಜೊತೆಗಿನ ಸಾಮ್ಯತೆಯ ಮಿತಿ 10 ಶೇಕಡಾ. ಅದನ್ನು ದಾಟಿ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಆಕರ ಹೇಳಿದ ಉದ್ಧರಣೆ ಈ ಲೆಕ್ಕಕ್ಕೆ ಸೇರದು. ಶಾಸನಪಾಠ, ವಚನ ಹೇರಳವಾಗಿ ಬರುವ ವಿಷಯವಾದರೆ ಉದ್ಧರಣ ಚಿಹ್ನೆಯ ಎರಡೂ ತುದಿ ಮುಚ್ಚಿವೆಯೇ ಅಂತ ಒಂದು ಸಂಜೆ ಕೂತು ನೋಡಿ. ಮುಚ್ಚದ ಚಿಹ್ನೆಯಿಂದ ಇಡೀ ವಚನ ನಿಮ್ಮ ಸ್ವಂತ ಬರಹದ ಖಾತೆಗೆ ಬೀಳಬಹುದು.