ಬ್ರಿಟನ್ನಿನ ಚಳಿಗೆ ಹೀಟರ್ ಕೊಳ್ಳುವ ಮೊದಲು ಮೀಟರ್ ನೋಡಿ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿದ ಕೂಡಲೇ, ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆ ಒಂದೇ: ಯಾವ ಹೀಟರ್ ತೆಗೆದುಕೊಂಡರೆ ಕರೆಂಟ್ ಬಿಲ್ ಕಡಿಮೆ ಬರುತ್ತದೆ? ಥರ್ಮಲ್ ಬಟ್ಟೆ, ದಪ್ಪ ಕಾಲುಚೀಲ, ಕಿಟಕಿಯ ಪರದೆಗಳ ವಿಚಾರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ಕೊಳ್ಳುವ ಆತುರದಲ್ಲಿ ಯಾರೂ ಗಮನಿಸದ ಸಂಗತಿ ಬೇರೆಯೇ ಇದೆ. ಬಾಡಿಗೆಗೆ ಹಿಡಿದ ಮನೆಯನ್ನು ಬೆಚ್ಚಗಿಡಲು ಈಗಾಗಲೇ ಯಾವ ವ್ಯವಸ್ಥೆ ಇದೆ, ಅದರ ಮೀಟರ್ ಯಾವ ಬಗೆಯದು ಎಂಬುದನ್ನು ತಿಳಿಯದೆ ಕೊಂಡ ಇಪ್ಪತ್ತು ಪೌಂಡಿನ ಹೀಟರ್, ಚಳಿಗಾಲ ಮುಗಿಯುವಷ್ಟರಲ್ಲಿ ನೂರಾರು ಪೌಂಡ್ ನುಂಗಿರುತ್ತದೆ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ ಕೊಡುವ ಮಾಮೂಲಿ ವಿದ್ಯುತ್ ಹೀಟರ್ ಎಂಬುದು ಇಲ್ಲ. ಒಂದು ಯೂನಿಟ್ ವಿದ್ಯುತ್ತು ಫ್ಯಾನ್ ಹೀಟರಿಗೆ ಹೋದರೂ, ಎಣ್ಣೆ ತುಂಬಿದ ರೇಡಿಯೇಟರಿಗೆ ಹೋದರೂ, ನೂರೈವತ್ತು ಪೌಂಡಿನ ಹೊಳೆಯುವ ಸೆರಾಮಿಕ್ ಹೀಟರಿಗೆ ಹೋದರೂ, ಒಂದು ಯೂನಿಟ್ ಶಾಖವಾಗಿಯೇ ಹೊರಬರುತ್ತದೆ. ಹೊರಗಿನ ಗಾಳಿಯಿಂದ ಶಾಖವನ್ನು ಎಳೆದು ತರುವ ಹೀಟ್ ಪಂಪ್ ಮಾತ್ರ ಇದಕ್ಕೆ ಹೊರತು, ಅದು ಕೈಯಲ್ಲಿ ಎತ್ತಿ ತರುವ ವಸ್ತುವಲ್ಲ. ಹಾಗಾಗಿ ಫ್ರಿಜ್ಜಿನ ಮೇಲೆ ನಕ್ಷತ್ರ ಎಣಿಸುವ ನಮ್ಮ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಾರದು. ಅಂತರ್ಜಾಲದ ಜಾಹೀರಾತುಗಳಲ್ಲಿ ನವೆಂಬರಿನಿಂದಲೇ ಕಾಣಿಸಿಕೊಳ್ಳುವ, ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ, "ಹತ್ತೇ ನಿಮಿಷದಲ್ಲಿ ಇಡೀ ಕೋಣೆ ಬೆಚ್ಚಗೆ" ಎನ್ನುವ ಅಂಗೈಯಗಲದ ಹೀಟರುಗಳನ್ನಂತೂ ಯಾರೂ ಕೊಳ್ಳಬಾರದು. ನಾನೂರು ಐನೂರು ವಾಟಿನ ಆ ಡಬ್ಬಿ ಡಿಸೆಂಬರಿನ ಕೋಣೆಯನ್ನು ಬೆಚ್ಚಗಾಗಿಸುವುದು ಸಾಧ್ಯವೇ ಇಲ್ಲ.

ವ್ಯತ್ಯಾಸವಿರುವುದು ಇಂಧನದ ದರದಲ್ಲಿ. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಮೂರು ತಿಂಗಳಿಗೊಮ್ಮೆ ಯೂನಿಟ್ ದರಕ್ಕೆ ಮಿತಿ ಹಾಕುತ್ತದೆ. 2025ರ ಜನವರಿಯಿಂದ ಮಾರ್ಚ್‌ವರೆಗೆ ಅದರ ಸರಾಸರಿ ವಿದ್ಯುತ್ತಿಗೆ 24.86 ಪೆನ್ಸ್, ಗ್ಯಾಸಿಗೆ 6.34 ಪೆನ್ಸ್ ಇತ್ತು. ಮಿತಿ ಇರುವುದು ದರಕ್ಕೇ ಹೊರತು ಒಟ್ಟು ಬಿಲ್ಲಿಗಲ್ಲ ಎಂಬುದನ್ನು ಮರೆಯಬೇಡಿ. ಬಳಸಿದಷ್ಟಕ್ಕೂ ಹಣ ಕಟ್ಟಲೇಬೇಕು. ಎರಡು ಕಿಲೋವಾಟಿನ ಹೀಟರನ್ನು ದಿನಕ್ಕೆ ಐದು ಗಂಟೆಯಂತೆ ಮೂವತ್ತು ದಿನ ಉರಿಸಿದರೆ 300 ಯೂನಿಟ್, ಆ ದರದಲ್ಲಿ ಸುಮಾರು 75 ಪೌಂಡ್. ಅಷ್ಟೇ ಶಾಖವನ್ನು ಸುಸ್ಥಿತಿಯಲ್ಲಿರುವ ಗ್ಯಾಸ್ ಬಾಯ್ಲರಿನಿಂದ ಪಡೆದರೆ, ಹೊಗೆಕೊಳವೆಯಲ್ಲಿ ಹೋಗುವ ನಷ್ಟವನ್ನು ಸೇರಿಸಿಯೂ 22 ಪೌಂಡಿನ ಆಸುಪಾಸು. ಆದ್ದರಿಂದ ಗ್ಯಾಸ್ ಸೆಂಟ್ರಲ್ ಹೀಟಿಂಗ್, ಅಂದರೆ ಬಾಯ್ಲರಿನಲ್ಲಿ ಕಾದ ನೀರು ಕೋಣೆಕೋಣೆಯ ರೇಡಿಯೇಟರಿಗೆ ಹರಿಯುವ ವ್ಯವಸ್ಥೆ, ಇರುವ ಮನೆಯಲ್ಲಿ ಅದನ್ನು ಆಫ್ ಮಾಡಿ, ಎರಡು ಕೋಣೆಗೆ ಎರಡು ಹೀಟರ್ ಹಚ್ಚುವುದು ಉಳಿತಾಯವಲ್ಲ, ದುಂದು. ಹೆಚ್ಚಿನ ರೇಡಿಯೇಟರುಗಳ ಪಕ್ಕದಲ್ಲಿ ಅಂಕಿಗಳಿರುವ ಒಂದು ತಿರುಗಣೆ ಇರುತ್ತದೆ. ಬಳಸದ ಕೋಣೆಯಲ್ಲಿ ಅದನ್ನು ಒಂದಕ್ಕೆ ಇಳಿಸಿ, ಕೂರುವ ಕೋಣೆಯಲ್ಲಿ ಮೂರಕ್ಕೆ ಇಟ್ಟರೆ, ಒಂದೇ ಕೋಣೆಯನ್ನು ಬೆಚ್ಚಗಿಡುವ ಕೆಲಸ ಗ್ಯಾಸಿನಲ್ಲಿಯೇ ಆಗುತ್ತದೆ. ಹಗಲೆಲ್ಲ ಒಬ್ಬರೇ ಮನೆಯಲ್ಲಿದ್ದು ಚಿಕ್ಕ ಕೋಣೆಯೊಂದರಲ್ಲಿ ಕೆಲಸ ಮಾಡುವವರಿಗೆ ಮಾತ್ರ ಸಣ್ಣ ವಿದ್ಯುತ್ ಹೀಟರ್ ಕೆಲವೊಮ್ಮೆ ಲಾಭಕರ.

ಇನ್ನು ನಿಜವಾದ ಹಳ್ಳಕ್ಕೆ ಬರೋಣ. ಲೀಡ್ಸ್, ಮ್ಯಾಂಚೆಸ್ಟರ್, ಲಂಡನ್ನಿನಂಥ ಊರುಗಳಲ್ಲಿ, ಕಚೇರಿಗೆ ಹತ್ತಿರವೆಂದು ನಮ್ಮವರು ಹಿಡಿಯುವ ಅನೇಕ ಫ್ಲ್ಯಾಟುಗಳಿಗೆ ಗ್ಯಾಸ್ ಸಂಪರ್ಕವೇ ಇರುವುದಿಲ್ಲ. ಗೋಡೆಯ ಬುಡದಲ್ಲಿ ಭಾರವಾದ, ಅಗಲವಾದ ಬಿಳಿಯ ಪೆಟ್ಟಿಗೆಗಳಿರುತ್ತವೆ. ಅವೇ ಸ್ಟೋರೇಜ್ ಹೀಟರುಗಳು. ಅವುಗಳೊಳಗೆ ಇಟ್ಟಿಗೆಗಳಿವೆ, ರಾತ್ರಿ ಕರೆಂಟ್ ಅಗ್ಗವಾಗಿರುವ ಏಳು ಗಂಟೆಗಳಲ್ಲಿ ಅವು ಕಾದು, ಮರುದಿನವಿಡೀ ಆ ಶಾಖವನ್ನು ಬಿಡುತ್ತವೆ. ನಸುಕಿನಲ್ಲಿ ಉರಿ ಹಾಕಿದ ಮಲೆನಾಡಿನ ಬಚ್ಚಲ ಹಂಡೆಯ ನೀರು ಮಧ್ಯಾಹ್ನದವರೆಗೂ ಬಿಸಿಯಾಗಿರುವ ಹಾಗೆಯೇ ಇದು. ಈ ದರಪದ್ಧತಿಯ ಹೆಸರು ಇಕಾನಮಿ 7. ಇದರಲ್ಲಿ ಮೀಟರ್ ಎರಡು ಲೆಕ್ಕ ಇಡುತ್ತದೆ, ಒಂದು ರಾತ್ರಿಯದು, ಇನ್ನೊಂದು ಹಗಲಿನದು. ರಾತ್ರಿಯ ದರ ಹಗಲಿನದರ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ ಎಂಬುದನ್ನು ಮನೆ ಬಾಡಿಗೆಗೆ ಕೊಡಿಸುವ ಲೆಟಿಂಗ್ ಏಜೆಂಟ್ ಹೇಳಿಯಾನು. ಹಗಲಿನ ದರ ಮಾಮೂಲಿ ಒಂದೇ ದರದ ಮನೆಗಳಿಗಿಂತ ಹೆಚ್ಚು ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮವರು ಇಲ್ಲಿ ಎಡವುವುದು ನಮ್ಮ ಒಳ್ಳೆಯ ಅಭ್ಯಾಸದಿಂದಲೇ. ಲೀಡ್ಸಿನಲ್ಲಿ ನೆಲೆಸಿದ ದಾವಣಗೆರೆಯ ಪರಿಚಿತ ದಂಪತಿಯ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಮನೆಗೆ ಬಂದ ದಿನ ಮಧ್ಯಾಹ್ನ ಅವರು ಸ್ಟೋರೇಜ್ ಹೀಟರಿನ ಸ್ವಿಚ್ ಒತ್ತಿದರು. ಸ್ವಿಚ್ಚಿನ ಕೆಂಪು ದೀಪ ಹೊತ್ತಲಿಲ್ಲ, ಪೆಟ್ಟಿಗೆ ಮುಟ್ಟಿದರೆ ತಣ್ಣಗಿತ್ತು. ಕೆಟ್ಟಿದೆ ಎಂದು ತೀರ್ಮಾನಿಸಿ ಅಂಗಡಿಗೆ ಹೋಗಿ ಎರಡು ಫ್ಯಾನ್ ಹೀಟರ್ ತಂದರು. ಆ ಸ್ವಿಚ್ಚಿನ ಲೈನಿಗೆ ಕರೆಂಟ್ ಬರುವುದೇ ರಾತ್ರಿಯ ಅಗ್ಗದ ವೇಳೆಯಲ್ಲಿ ಎಂಬುದು ಅವರಿಗೆ ತಿಳಿಯುವುದಾದರೂ ಹೇಗೆ? ಮೇಲಾಗಿ, ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಮಲಗಬೇಕೆಂದು ಅಮ್ಮಂದಿರು ಕಲಿಸಿದ ಶಿಸ್ತನ್ನು ಯಜಮಾನರು ತಪ್ಪದೆ ಪಾಲಿಸುತ್ತಿದ್ದರು. ಇಟ್ಟಿಗೆ ಕಾಯಬೇಕಾದ ಹೊತ್ತಿಗೆ ಸರಿಯಾಗಿ ಸ್ವಿಚ್ ಆಫ್, ಬೆಳಗಾದ ಮೇಲೆ ದುಬಾರಿ ದರದಲ್ಲಿ ಫ್ಯಾನ್ ಹೀಟರ್ ಆನ್. ಹಗಲಿಗೆ 30 ಪೆನ್ಸ್, ರಾತ್ರಿಗೆ 14 ಪೆನ್ಸ್ ಎಂದೇ ಇಟ್ಟುಕೊಳ್ಳಿ. ಎರಡು ಕಿಲೋವಾಟಿನ ಎರಡು ಹೀಟರುಗಳು ದಿನಕ್ಕೆ ಆರು ಗಂಟೆ ಓಡಿದರೆ 24 ಯೂನಿಟ್, ಅಂದರೆ ಹಗಲಿನ ದರದಲ್ಲಿ ತಿಂಗಳಿಗೆ 216 ಪೌಂಡ್. ಅದೇ ಯೂನಿಟ್ಟುಗಳನ್ನು ರಾತ್ರಿಯಲ್ಲಿ ಇಟ್ಟಿಗೆಗೆ ತುಂಬಿಸಿದ್ದರೆ ನೂರು ಪೌಂಡಿನ ಆಸುಪಾಸು.

ಇಷ್ಟಾದರೂ ಅವರಿಗೆ ಏಪ್ರಿಲ್‌ವರೆಗೆ ಏನೂ ತಿಳಿಯಲಿಲ್ಲ. ಇಲ್ಲಿ ಹೆಚ್ಚಿನವರು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಡೈರೆಕ್ಟ್ ಡೆಬಿಟ್‌ನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟುತ್ತಾರೆ. ಕಂಪನಿ ವರ್ಷದ ಬಳಕೆಯನ್ನು ಅಂದಾಜಿಸಿ ಹನ್ನೆರಡರಿಂದ ಭಾಗಿಸಿರುತ್ತದೆ. ರೀಡಿಂಗ್ ಕಳಿಸದಿದ್ದರೆ ಅಂದಾಜಿನ ಮೇಲೆಯೇ ಬಿಲ್ ಬರುತ್ತದೆ. ಕೊನೆಗೊಮ್ಮೆ ನಿಜವಾದ ಅಂಕಿ ತಲುಪಿದಾಗ ಬಾಕಿಯೂ ಬರುತ್ತದೆ, ಮಾಸಿಕ ಮೊತ್ತವೂ ಏರುತ್ತದೆ. ಈ ವಿಷಯದಲ್ಲಿ ನನ್ನ ಮತ ಬೆಸ್ಕಾಂ ಕಡೆಗೇ. ತಿಂಗಳಿಗೊಮ್ಮೆ ಮೀಟರ್ ಓದುವವರು ಮನೆ ಬಾಗಿಲಿಗೆ ಬಂದು, ಅಲ್ಲಿಯೇ ಯಂತ್ರದಿಂದ ಬಿಲ್ ಹರಿದು ಕೈಗೆ ಕೊಡುವ ವ್ಯವಸ್ಥೆಯಲ್ಲಿ ತಪ್ಪು ಒಂದು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ರೀಡಿಂಗನ್ನು ತಾನಾಗಿ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೆ ಅದರ ಜೊತೆಗೆ ಕೊಡುವ ಪುಟ್ಟ ಪರದೆಯನ್ನು ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವ ಹಾಗೆ ಇಡಿ. ಹೀಟರ್ ಹಚ್ಚಿದ ಗಳಿಗೆಯಲ್ಲಿ ಅದು ಹಸಿರಿನಿಂದ ಕೆಂಪಿಗೆ ಹಾರುವುದನ್ನು ನೋಡಿದವರು ಹೀಟರನ್ನು ಸುಮ್ಮನೆ ಉರಿಯಲು ಬಿಡುವುದಿಲ್ಲ.

ಹಾಗಿದ್ದರೆ ಮಾಡಬೇಕಾದದ್ದೇನು? ಹಳೆಯ ಸ್ಟೋರೇಜ್ ಹೀಟರಿನ ಮೇಲ್ಭಾಗದಲ್ಲಿ ಎರಡು ತಿರುಗಣೆಗಳಿರುತ್ತವೆ. ಇನ್‌ಪುಟ್ ಎಂಬುದು ಈ ರಾತ್ರಿ ಎಷ್ಟು ಶಾಖ ತುಂಬಿಕೊಳ್ಳಬೇಕೆಂದು ನಿರ್ಧರಿಸುತ್ತದೆ. ಔಟ್‌ಪುಟ್ ಎಂಬುದು ತುಂಬಿದ್ದನ್ನು ಎಷ್ಟು ಬೇಗ ಹೊರಬಿಡಬೇಕೆಂದು ನಿರ್ಧರಿಸುತ್ತದೆ. ಗೋಡೆಯ ಸ್ವಿಚ್ ಚಳಿಗಾಲವಿಡೀ ಆನ್ ಆಗಿಯೇ ಇರಲಿ. ಮರುದಿನ ಚಳಿ ಹೆಚ್ಚೆಂದು ಹವಾಮಾನ ವರದಿ ಹೇಳಿದರೆ ಹಿಂದಿನ ಸಂಜೆಯೇ ಇನ್‌ಪುಟ್ ಏರಿಸಬೇಕು, ಏಕೆಂದರೆ ಬೆಳಿಗ್ಗೆ ಏರಿಸಿ ಪ್ರಯೋಜನವಿಲ್ಲ. ಮಲಗುವಾಗ ಮತ್ತು ಕೆಲಸಕ್ಕೆ ಹೊರಡುವಾಗ ಔಟ್‌ಪುಟ್ಟನ್ನು ಕನಿಷ್ಠಕ್ಕೆ ಇಳಿಸಬೇಕು. ತೆರೆದೇ ಮಲಗಿದರೆ ರಾತ್ರಿಯ ಶಾಖವೆಲ್ಲ ರಾತ್ರಿಯೇ ಖಾಲಿಯಾಗಿ, ಸಂಜೆ ಮನೆಗೆ ಬಂದಾಗ ಪೆಟ್ಟಿಗೆ ತಣ್ಣಗಿರುತ್ತದೆ. ಸ್ನಾನದ ನೀರಿನ ಟ್ಯಾಂಕಿಗೂ ಇದೇ ನಿಯಮ: ರಾತ್ರಿ ತಾನಾಗಿ ಕಾಯಲು ಬಿಡಿ, ಹಗಲಿನಲ್ಲಿ ಕೂಡಲೇ ನೀರು ಕಾಯಿಸುವ ಬೂಸ್ಟ್ ಗುಂಡಿಯ ಹತ್ತಿರ ಸುಳಿಯಬೇಡಿ.

ಅಗ್ಗದ ಏಳು ಗಂಟೆಗಳು ಎಲ್ಲ ಕಡೆಯೂ ಒಂದೇ ಹೊತ್ತಿನಲ್ಲಿರುವುದಿಲ್ಲ. ಪ್ರದೇಶಕ್ಕೂ ಮೀಟರಿಗೂ ತಕ್ಕಂತೆ ಬದಲಾಗುತ್ತವೆ, ಮತ್ತು ಹಳೆಯ ಮೀಟರುಗಳು ಬೇಸಿಗೆಯಲ್ಲಿ ಗಡಿಯಾರ ಮುಂದೆ ಹೋದರೂ ತಾವು ಸರಿಯುವುದಿಲ್ಲ. ಕಂಪನಿಗೆ ಬರೆದು ನಿಮ್ಮ ಮೀಟರಿನ ವೇಳೆಯನ್ನು ಲಿಖಿತವಾಗಿ ಪಡೆಯಿರಿ. ಮನೆಯ ಕೀಲಿ ಕೈಗೆ ಬಂದ ದಿನವೇ ಮೀಟರಿನ ಎರಡೂ ಅಂಕಿಗಳ ಫೋಟೋ ತೆಗೆದಿಡಿ. ಮಧ್ಯಾಹ್ನದ ಹೊತ್ತಿನಲ್ಲಿ, ಸಾಕೆಟ್ಟಿಗೆ ಸಿಕ್ಕಿಸುವ ಹೀಟರೊಂದನ್ನು ಒಂದು ಗಂಟೆಯ ಕಾಲ ಓಡಿಸಿ, ಯಾವ ಅಂಕಿ ಏರಿತೆಂದು ನೋಡಿ. ಕಂಪನಿಯ ಲೆಕ್ಕದಲ್ಲಿ ಹಗಲು ರಾತ್ರಿಗಳು ಅದಲುಬದಲಾಗಿರುವುದು ಅಪರೂಪವೇನಲ್ಲ, ಹಾಗೆ ಆದರೆ ಜಾಣತನದಿಂದ ನಡೆದುಕೊಂಡವರೇ ಹೆಚ್ಚು ಕಟ್ಟುತ್ತಾರೆ. ಸ್ಟೋರೇಜ್ ಹೀಟರನ್ನು ಬಳಸುವುದೇ ಇಲ್ಲವೆಂದಾದರೆ ಒಂದೇ ದರದ ಪದ್ಧತಿಗೆ ಬದಲಾಯಿಸಿಕೊಳ್ಳಿ. ಬಿಲ್ ಕಟ್ಟುವವರು ಬಾಡಿಗೆದಾರರೇ ಆಗಿದ್ದರೆ ಕಂಪನಿಯನ್ನು ಆರಿಸುವ ಹಕ್ಕೂ ಅವರದೇ.

ಇಷ್ಟೆಲ್ಲ ಆದ ಮೇಲೂ ಒಂದು ಹೀಟರ್ ಬೇಕೆನಿಸಿದರೆ, ನನ್ನ ಆಯ್ಕೆ ಥರ್ಮೋಸ್ಟಾಟ್ ಮತ್ತು ಟೈಮರ್ ಇರುವ, ಉರುಳಿ ಬಿದ್ದರೆ ತಾನಾಗಿ ಆರುವ, ಎಣ್ಣೆ ತುಂಬಿದ ರೇಡಿಯೇಟರ್. ನಿಧಾನವಾಗಿ ಕಾಯುತ್ತದೆ, ಸದ್ದಿಲ್ಲ, ಕೆಂಪಗೆ ಉರಿಯುವ ತಂತಿ ಹೊರಗೆ ಕಾಣುವುದಿಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಹ್ಯಾಲೊಜನ್ ಹೀಟರ್ ಎದುರಿಗೆ ಕುಳಿತವರನ್ನು ಮಾತ್ರ ಕಾಯಿಸುತ್ತದೆ, ಮಕ್ಕಳಿರುವ ಮನೆಗೆ ಬೇಡ. ಆದರೆ ಕೋಣೆಗಿಂತ ಮೈ ಬೆಚ್ಚಗಿದ್ದರೆ ಸಾಕೆನ್ನುವವರಿಗೆ ನೂರು ವಾಟಿನ ಆಸುಪಾಸಿನ ವಿದ್ಯುತ್ ಹೊದಿಕೆಗಿಂತ ಅಗ್ಗದ್ದು ಯಾವುದೂ ಇಲ್ಲ. ಮೇಲೆ ಹೇಳಿದ 2025ರ ದರದಲ್ಲಿ ಗಂಟೆಗೆ ಎರಡೂವರೆ ಪೆನ್ಸ್ ಆದೀತು.

ಸುರಕ್ಷತೆಯ ವಿಷಯದಲ್ಲಿ ಇಲ್ಲಿನ ಸಾಕೆಟ್ ನಮ್ಮವರನ್ನು ಮೋಸಗೊಳಿಸುತ್ತದೆ. ಊರಲ್ಲಿ ಗೀಸರಿಗೆ ಹದಿನಾರು ಆಂಪಿಯರಿನ ದಪ್ಪ ಪಿನ್ನಿನ ಪವರ್ ಪ್ಲಗ್ ಬೇರೆಯೇ ಇರುವುದರಿಂದ, ಇದು ಭಾರಿ ಕರೆಂಟಿನ ವಸ್ತು ಎಂಬ ಎಚ್ಚರ ತಾನಾಗಿ ಬರುತ್ತದೆ. ಇಲ್ಲಿ ಫೋನ್ ಚಾರ್ಜರಿಗೂ ಹೀಟರಿಗೂ ಒಂದೇ ಆಕಾರದ ಪ್ಲಗ್. ಪ್ಲಗ್ಗಿನೊಳಗೇ ಫ್ಯೂಸ್ ಇರುವ ಬ್ರಿಟಿಷ್ ಏರ್ಪಾಡು ಜಗತ್ತಿನಲ್ಲೇ ಉತ್ತಮವಾದವುಗಳಲ್ಲಿ ಒಂದೆಂದು ನಾನು ಒಪ್ಪುತ್ತೇನೆ, ಆದರೂ ನಾಲ್ಕು ಸಾಕೆಟ್ಟಿನ ಎಕ್ಸ್‌ಟೆನ್ಶನ್ ಬೋರ್ಡ್ ಒಟ್ಟಾರೆ ತಾಳುವುದು 13 ಆಂಪಿಯರ್, ಅಂದರೆ ಮೂರು ಕಿಲೋವಾಟ್ ಮಾತ್ರ. ಹೀಟರನ್ನು ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿ, ಎಕ್ಸ್‌ಟೆನ್ಶನ್ನಿಗೆ ಎಂದಿಗೂ ಬೇಡ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿ ನೋಡಿ; ತೀರ ಬಿಸಿಯಾಗಿದ್ದರೆ, ಕಂದುಗಟ್ಟಿದ್ದರೆ ಬಳಕೆ ನಿಲ್ಲಿಸಿ. ಪರದೆ, ಸೋಫಾ, ಹಾಸಿಗೆಗಳಿಂದ ಒಂದು ಮೀಟರ್ ದೂರವಿರಲಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹರಡುವುದು ಬೆಂಕಿಗೆ ಆಹ್ವಾನ. ಹಚ್ಚಿಟ್ಟು ಮಲಗಬೇಡಿ, ಹೊರಗೆ ಹೋಗಬೇಡಿ.

ಸಿಲಿಂಡರ್ ಇಟ್ಟುಕೊಳ್ಳುವ ಗಾಲಿಯ ಗ್ಯಾಸ್ ಹೀಟರ್ ಅಗ್ಗವೆಂದು ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಅದರ ಹೊಗೆ ಹೊರಹೋಗಲು ಕೊಳವೆಯಿಲ್ಲ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಕೋಣೆಯಲ್ಲೇ ಉಳಿದು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ.

ಸ್ಟೋರೇಜ್ ಹೀಟರ್ ಅಥವಾ ಬಾಯ್ಲರ್ ನಿಜಕ್ಕೂ ಕೆಟ್ಟಿದ್ದರೆ ಸ್ವಂತ ಹಣದಿಂದ ಹೀಟರ್ ಕೊಂಡು ಸುಮ್ಮನಾಗುವ ಸಂಕೋಚ ಬೇಡ. ಇಂಗ್ಲೆಂಡಿನ ಮನೆಗಳಲ್ಲಿ ಅದನ್ನು ದುರಸ್ತಿಯಲ್ಲಿಡುವ ಹೊಣೆ ಮಾಲೀಕರದೆಂದು 1985ರ ಬಾಡಿಗೆ ಕಾಯ್ದೆಯ 11ನೆಯ ಸೆಕ್ಷನ್ ಹೇಳುತ್ತದೆ. ವೇಲ್ಸ್ ಈಗ ಅದೇ ಹೊಣೆಯನ್ನು ತನ್ನದೇ ಕಾಯ್ದೆಯಲ್ಲಿ ಇಟ್ಟುಕೊಂಡಿದೆ. ಫೋನಿನಲ್ಲಿ ಹೇಳಿ ಬಿಡಬೇಡಿ, ಫೋಟೋ ಸಮೇತ ಇಮೇಲ್ ಬರೆಯಿರಿ. ದುರಸ್ತಿಯಾಗುವವರೆಗೆ ತಾತ್ಕಾಲಿಕ ಹೀಟರುಗಳನ್ನು ಒದಗಿಸುವಂತೆಯೂ, ಅವು ಎಳೆಯುವ ಹೆಚ್ಚುವರಿ ಕರೆಂಟಿನ ಹಣ ಕೊಡುವಂತೆಯೂ ಅದೇ ಪತ್ರದಲ್ಲಿ ಕೇಳಿ, ಆ ದಿನದ ಎರಡೂ ಮೀಟರ್ ಅಂಕಿಗಳನ್ನು ನಮೂದಿಸಿ. ಉತ್ತರ ಬಾರದಿದ್ದರೆ ಸ್ಥಳೀಯ ಕೌನ್ಸಿಲ್ಲಿನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಬಹುದು.